ಹೊಸ್ತಿಲು ದಾಟಿದ ಚಪ್ಪಲಿ

ಸತ್ತಿ,
ತಾ. ೯ ಡಿಸೆಂಬರ್ ೧೯೯೫, ಶನಿವಾರ

ಪ್ರೀತಿಯ ಅವ್ವನಿಗೆ ನಿನ್ನ ಮಗ ಭೀಮಸಿ ಮಾಡುವ ಶರಣು.

ನಿನ್ನ ಕೆಮ್ಮು ಹೇಗಿದೆ? ಜುಗೂಳದಲ್ಲಿ ಲಗಮವ್ವನ ಮನೆ ಹೊಳೆಗೆ ತೀರ ಹತ್ತಿರ. ಬೆಳಗಿನ ಥಂಡಿಗಾಳಿ ಯಾರನ್ನೂ ಕೇಳದೆ ಪಡಸಾಲೆಗೇ ಬರುತ್ತದೆ. ಕಿವಿಗೆ ಸೆರಗು ಸುತ್ತಿಕೊಂಡು ಕೂಡು. ನನ್ನ ತಂಗಿ ಚಹಾಕ್ಕೆ ಶುಂಠಿ ಹಾಕುವುದನ್ನು ಮರೆಯುತ್ತಾಳೆ, ನೀನೋ ಮಗಳ ಮನೆಯಲ್ಲಿ ಬಾಯಿಬಿಟ್ಟು ಕೇಳುವವಳಲ್ಲ. ಅವಳ ಗಂಡ ಮಲಕಾರಿ ಈ ಪತ್ರವನ್ನು ನಿನಗೆ ಓದಿ ಹೇಳುವಾಗ ಶುಂಠಿಯ ಮಾತನ್ನು ಅಡಿಗೆಮನೆಗೆ ಕೇಳುವಂತೆ ಗಟ್ಟಿಯಾಗಿ ಓದಲಿ.

ಈ ಪತ್ರ ನನ್ನ ಕೈಬರಹವಲ್ಲ. ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತರೆ ಸಾಕು, ತೊಡೆ ಉರಿಯಲು ಶುರುವಾಗುತ್ತದೆ. ಅದಕ್ಕೆ ಹಾಸಿಗೆಯಲ್ಲಿ ಮಲಗಿ ಟೇಪ್ ರೆಕಾರ್ಡರಿನ ಮುಂದೆ ಮಾತಾಡುತ್ತೇನೆ, ನಿನ್ನ ಸೊಸೆ ತಾರವ್ವ ಅಂಗನವಾಡಿಯಿಂದ ಬಂದ ಮೇಲೆ ಕೇಳಿಸಿಕೊಂಡು ಬರೆಯುತ್ತಾಳೆ. ಕ್ಯಾಸೆಟ್ಟನ್ನೇ ಕಳಿಸಬಹುದಿತ್ತು, ಆದರೆ ಮಲಕಾರಿಯ ಮನೆಯ ಟೇಪು ಎಂಥ ಕ್ಯಾಸೆಟ್ ಹಾಕಿದರೂ ನುಂಗುತ್ತದೆ. ನಾನು 'ಐತಿ' ಅಂದದ್ದನ್ನು ತಾರವ್ವ 'ಇದೆ' ಎಂದು ಬರೆಯುತ್ತಾಳೆ, ನಾನು ಬೈದದ್ದನ್ನು ಬರೆಯುವುದೇ ಇಲ್ಲ. ಆದ್ದರಿಂದ ಇಲ್ಲಿ ಎಲ್ಲೆಲ್ಲಿ ನಾನು ಶಾಣ್ಯಾನಂತೆ ಕಾಣುತ್ತೇನೋ ಅಲ್ಲೆಲ್ಲ ಒಂದು ಬೈಗುಳ ಇತ್ತು ಎಂದು ತಿಳಿದುಕೋ.

ಕಾಲಿನ ಸುದ್ದಿ ಕೇಳುತ್ತೀ ಎಂದು ಗೊತ್ತು, ಕೇಳದಿದ್ದರೂ ಹೇಳುವವನೇ ನಾನು. ಬಲಗಾಲು ಇನ್ನೂ ನೋಯುತ್ತದೆ. ಬೇಸಿಗೆಗೆ ಮೊದಲು ಮಿರಜಿನಲ್ಲಿ ತೊಡೆ ಸೊಂಟಕ್ಕೆ ಕೂಡುವ ಚಪ್ಪೆಯ ಸವೆದ ಕೀಲು ತೆಗೆದು ಹೊಸದು ಕೂಡಿಸಿದಾಗ, ಸುಗ್ಗಿಯ ಹೊತ್ತಿಗೆ ಹೊಲದ ಬದುವಿನ ಮೇಲೆ ಓಡಾಡುತ್ತೇನೆ ಅಂದುಕೊಂಡಿದ್ದೆ. ಹಳೆಯ ನೋವು ಹೋಯಿತು, ಸುಳ್ಳು ಹೇಳುವುದಿಲ್ಲ. ಕೀಲಿನೊಳಗೆ ಬೀಸುವ ಕಲ್ಲು ತಿರುಗಿದಂತೆ ಆಗುತ್ತಿತ್ತಲ್ಲ, ಅದು ನಿಂತಿದೆ. ಅದರ ಜಾಗಕ್ಕೆ ತೊಡೆಯಲ್ಲಿ ಇನ್ನೊಂದು ಬಂದು ಕೂತಿದೆ. ಎದ್ದ ಕೂಡಲೇ ಮೊದಲ ನಾಲ್ಕು ಹೆಜ್ಜೆ ಅಂದರೆ ಬೆಂಕಿ. ಆಮೇಲೆ ಸ್ವಲ್ಪ ಸಡಿಲ, ಮತ್ತೆ ಸಂಜೆಗೆ ಮೊಣಕಾಲಿನ ತನಕ ಜಗ್ಗಾಟ. ಮಿರಜಿನ ಡಾಕ್ಟರು ಫೋಟೋ ತೆಗೆಸಿ ಬೆಳಕಿಗೆ ಹಿಡಿದು "ಫೋಟೋ ಏಕದಂ ಛಲೋ ಐತಿ" ಅಂದರು. "ಫೋಟೋ ನಡ್ಯಾಂಗಿಲ್ರಿ ಸಾಹೇಬ್ರ, ನಡ್ಯಾಂವ ನಾನು" ಅಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ. ನೋವು ಕಣ್ಣಿಗೆ ಕಾಣುವಂಥದ್ದಾಗಿದ್ದರೆ ಒಂದು ಬುಟ್ಟಿಯಲ್ಲಿ ತುಂಬಿ ಅವರ ಮೇಜಿನ ಮೇಲೆ ಸುರುವುತ್ತಿದ್ದೆ.

ನೆಲಕ್ಕೆ ಕೂಡಬಾರದು, ಚಕ್ಕಳಮಕ್ಕಳ ಹಾಕಬಾರದು, ಕುಕ್ಕರಗಾಲಿನಲ್ಲಿ ಕೂಡಬಾರದು, ಬಗ್ಗಿ ಕಾಲು ಮುಟ್ಟಬಾರದು. ಹಾಗಾದರೆ ನಮ್ಮಂಥವರು ಮಾಡಬಹುದಾದದ್ದು ಏನು ಉಳಿಯಿತು ಹೇಳು? ಊಟಕ್ಕೆ ಎಲ್ಲರೂ ಸಾಲಾಗಿ ನೆಲಕ್ಕೆ ಕೂತರೆ ನಾನೊಬ್ಬ ಫೌಜದಾರನಂತೆ ಕುರ್ಚಿಯ ಮೇಲೆ. ಬೆಳಿಗ್ಗೆ ಹೊರಗೆ ಹೋಗುವುದಕ್ಕೂ ಬಡಿಗ ಮಾಡಿಕೊಟ್ಟ ತೂತಿನ ಕುರ್ಚಿ, ಅದರ ವಿಷಯ ಬೇಡ, ತಾರವ್ವ ಬರೆಯಲಿಕ್ಕಿಲ್ಲ. ಎಮ್ಮೆ ಹಿಂಡುವುದೂ ಹೋಯಿತು. ಅದಕ್ಕೆ ನನ್ನ ದನಿ ಕೇಳದಿದ್ದರೆ ಸೊರ ಬಿಡುವುದಿಲ್ಲ, ಹಾಲು ಕೆಚ್ಚಲಿಗೆ ಇಳಿಯುವುದಿಲ್ಲ. ತಾರವ್ವ ಕೂತು ಹಿಂಡುತ್ತಾಳೆ, ನಾನು ಗೋಡೆ ಹಿಡಿದು ನಿಂತು ಅದರ ಜೊತೆ ಮಾತಾಡುತ್ತೇನೆ. ಈ ಮನೆಯಲ್ಲಿ ನನ್ನ ಮಾತನ್ನು ಪೂರ್ತಿ ಕೇಳುವ ಜೀವ ಅದೊಂದೇ.

ನೋಡಲು ಬರುವ ಮಂದಿಯಂತೂ ನೋವಿಗಿಂತ ಹೆಚ್ಚು. ಪಕ್ಕದ ಮನೆಯ ಕಾಕಾಸಾಹೇಬ ದಿನಾ ಬಂದು ನನ್ನ ಹಾಸಿಗೆಯ ಮೇಲೆಯೇ ಕೂಡುತ್ತಾನೆ. "ಒಳಗ ಕಬ್ಬಣ ಐತೆಲ್ಲೋಪಾ, ಥಂಡ್ಯಾಗ ಅದೂ ಥಂಡಾಗತೈತಿ, ನೋಯಾಕ ಬೇಕು. ಮಳಿಗಾಲದಾಗ ಗಿಡದ ಬುಡಕ ನಿಂದ್ರಬ್ಯಾಡ, ಸಿಡ್ಲ ನಿನ್ನ ಹುಡಿಕ್ಕೊಂಡ ಬರತೈತಿ" ಎನ್ನುತ್ತಾನೆ. ಬಂದವರೆಲ್ಲ ಬಲತೊಡೆ ಒತ್ತಿ ನೋಡುತ್ತಾರೆ, ಆಮೇಲೆ ಎಡಗಾಲಿನ ಎತ್ತರದ ಚಪ್ಪಲಿ ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ಅಥಣಿಯಲ್ಲಿ ಜೋಡು ಹೊಲಿದುಕೊಟ್ಟವನೂ ನೋಯುವ ಕಾಲು ಬಿಟ್ಟು ಇನ್ನೊಂದಕ್ಕೇಕೆ ಎಂದು ಕೇಳಿಯೇ ಕೇಳಿದ. ನೀನೂ ಅಂದೆ: "ನೋವು ಒಂದ ಕಾಲಿಗೆ, ಮದ್ದು ಇನ್ನೊಂದ ಕಾಲಿಗೆ. ಇಂಥಾ ಡಾಕ್ಟರ್ನ ನಾ ಎಲ್ಲೂ ಕೇಳಿಲ್ಲ."

ಅವ್ವಾ, ಇದನ್ನು ನಿನಗೆ ಎಷ್ಟು ಸಲ ಹೇಳಿದೆ! ಹೊಸ ಕೀಲು ಕೂತ ಮೇಲೆ ಬಲಗಾಲು ಒಂದು ಬೆರಳಿನಷ್ಟು ಉದ್ದವಾಗಿದೆ. ಹಾಗೆ ಒಮ್ಮೊಮ್ಮೆ ಆಗುತ್ತದಂತೆ, ಯಾರ ತಪ್ಪೂ ಅಲ್ಲ. ಚಕ್ಕಡಿಯ ಒಂದು ಗಾಲಿ ದೊಡ್ಡದು, ಒಂದು ಸಣ್ಣದು ಇದ್ದರೆ ಅಚ್ಚು ಯಾವ ಕಡೆ ಸವೆಯುತ್ತದೆ? ಸಣ್ಣ ಗಾಲಿಯನ್ನು ಎತ್ತರಿಸಬೇಕು, ಆಗ ದೊಡ್ಡದು ಸುಮ್ಮನಾಗುತ್ತದೆ. ಅದಕ್ಕೇ ಎಡಗಾಲಿಗೆ ಎತ್ತರದ ಚಪ್ಪಲಿ. ಇಷ್ಟೇ. ಎಮ್ಮೆಗೆ ಹೇಳಿದೆ, ಅದು ತಲೆಯಾಡಿಸಿತು.

ಮಳೆಗಾಲ ಪೂರ್ತಿ ಆ ಚಪ್ಪಲಿ ಹಾಕಿದರೂ ನೋವು ಇಳಿಯಲಿಲ್ಲ. ದೀಪಾವಳಿಯ ಮೇಲೆ ಕುಡಚಿಯಲ್ಲಿ ರೈಲು ಹತ್ತಿ ಮತ್ತೆ ಮಿರಜಿಗೆ ಹೋದೆ. ಆ ರೈಲಿನ ಮೆಟ್ಟಿಲು ಮಾಡಿದವನ ಚಪ್ಪೆ ಎಂದೂ ನೊಂದಿರಲಿಕ್ಕಿಲ್ಲ. ಡಾಕ್ಟರು ಚಪ್ಪಲಿ ತಿರುಗಿಸಿ ತಿರುಗಿಸಿ ನೋಡಿ, ಇದೇನು ಇನ್ನೂ ಹೊಸದರಂತೆ ಇದೆ, ಯಾವಾಗ ಹಾಕುತ್ತೀರಿ ಅಂದರು. ಹೊರಗೆ ಹೋಗುವಾಗ ಅಂದೆ. ಮನೆಯಲ್ಲಿ? "ಮನ್ಯಾಗ ಯಾರ ಚಪ್ಪಲಿ ಹಾಕ್ಕೋತಾರ್ರಿ ಸಾಹೇಬ್ರ?" ಅಂದೆ, ನಗುತ್ತ. ಈ ಸಲ ಅವರು ನಗಲಿಲ್ಲ, ಹಣೆ ಹಿಡಿದುಕೊಂಡರು. ನೋವಿನ ಮನುಷ್ಯ ದಿನದ ಬಹುಪಾಲು ಮನೆಯೊಳಗೇ ಇರುತ್ತಾನೆ, ಅಲ್ಲೆಲ್ಲ ಬರಿಗಾಲು, ಬೀದಿಯಲ್ಲಿ ಗಳಿಗೆ ಹೊತ್ತು ಔಷಧ! ಹಾಸಿಗೆಯಿಂದ ಕಾಲು ಇಳಿಸುವಾಗಿನಿಂದ ಮತ್ತೆ ಮಲಗುವ ತನಕ ಚಪ್ಪಲಿ ಕಾಲಲ್ಲೇ ಇರಬೇಕು, ಬೇಸಿಗೆ ಮುಗಿಯುವ ತನಕ ಹೀಗೆ ಮಾಡಿದರೆ ತೊಡೆ ಹದಕ್ಕೆ ಬರುತ್ತದೆ, ಇಲ್ಲದಿದ್ದರೆ ಈ ಕುಂಟು ಹೀಗೇ ನಿಂತುಬಿಡುತ್ತದೆ, ಆಮೇಲೆ ಸೊಂಟವೂ ಹೋಗುತ್ತದೆ ಅಂದರು.

ಅದಕ್ಕೇ ಅಲ್ಲವೇ ಬರುವಾಗ ಅಥಣಿಯಲ್ಲಿ ಇನ್ನೊಂದು ಜೋಡು ಹೊಲಿಸಿ, ಬೀದಿಯ ಮಣ್ಣು ತಾಗಿಸದೆ ಚೀಲದಲ್ಲಿ ತಂದದ್ದು? ಹೊಸ್ತಿಲಲ್ಲಿ ಬಾಗಿಲು ಹಿಡಿದು ನಿಂತು, ತಾರವ್ವನಿಂದ ಹಾಕಿಸಿಕೊಂಡು ಒಳಗೆ ಬಂದೆ. ನೀನು ದೇವರ ಜಗಲಿಯ ಮುಂದೆ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದೆ. ಕಾಲಿನ ಸಪ್ಪಳಕ್ಕೆ ತಿರುಗಿ ನೋಡಿದವಳ ಮುಖ ನನಗೆ ಇನ್ನೂ ಕಣ್ಣಮುಂದೆ ಇದೆ. "ಮಾಯವ್ವನ ಮುಂದ ಚಪ್ಪಲಿ ಮೆಟ್ಟಿ ಬಂದ್ಯೇನಲೇ? ನಿಮ್ಮಪ್ಪ ಹಾವು ಕಡದಾಗ ಸುದ್ದಾ ಹೊರಗ ಬಿಟ್ಟ ಒಳಗ ಬಂದಾಂವ!" ಅಂದೆ. ನಾನು ಡಾಕ್ಟರ ಮಾತು ಹೇಳಿದೆ. ನೀನು, ಡಾಕ್ಟರಿಗೆ ಮನೆದೇವರು ಇಲ್ಲವೇನು ಅಂದೆ. ನಾನು, "ಹಂಗಾರ ನಿನ್ನ ಮಾಯವ್ವಗ ಹೇಳು, ಈ ಕಾಲ ಒಂದಿನಾ ಹಾಕ್ಕೊಂಡ ನಡದ ನೋಡಲಿ" ಅಂದೆ. ಹೌದು, ಗಟ್ಟಿಯಾಗಿಯೇ ಅಂದೆ. ರೈಲಿಳಿದು, ಬಸ್ಸಿಳಿದು ಬಂದಿದ್ದೆ, ತೊಡೆಯಲ್ಲಿ ಕೆಂಡ ಇತ್ತು. ಮರುದಿನ ಬೆಳಿಗ್ಗೆ ನೀನು ದೇವರ ಅರಿಶಿನದ ಭಂಡಾರದ ಚೀಲ, ಜಗಲಿಯ ಮೇಲಿಟ್ಟು ಪೂಜಿಸುವ ಅಪ್ಪನ ಕಂಬಳಿ, ಇವೆರಡನ್ನೇ ಎತ್ತಿಕೊಂಡು ಜುಗೂಳದ ಹಾದಿ ಹಿಡಿದೆ. ಸೀರೆ ಕೂಡ ಒಯ್ಯಲಿಲ್ಲ. ಚಪ್ಪಲಿ ಹೊಸ್ತಿಲಿನ ಹೊರಗೆ ಹೋದ ದಿನ ಒಳಗೆ ಬರುತ್ತೇನೆ ಎಂದು ತಾರವ್ವನಿಗೆ ಹೇಳಿದೆಯಂತೆ. ನನಗೆ ಹೇಳಲಿಲ್ಲ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಇದು ಕಾಕಾಸಾಹೇಬ ಹೇಳಿದ ಮಾತು, ಮೊದಲ ಸಲ ಅವನ ಬಾಯಿಂದ ಉಪಯೋಗದ ಮಾತು ಬಂತು. "ಎತ್ತಿಗೆ ನಾಲ ಬಡದಂಗ ನೀನೂ ಬಡಿಸ್ಕೋಳಪಾ. ಎತ್ತ ಏನ ನಾಲ ಕಳದಿಟ್ಟ ಗ್ವಾದಲಿಗೆ ಬರತೈತೇನು?" ಅಂದ. ನಿಜವಲ್ಲವೇ? ನಮ್ಮ ಎತ್ತುಗಳು ಕಾಲಿಗೆ ಕಬ್ಬಿಣ ಹಾಕಿಕೊಂಡೇ, ಸಗಣಿ ತುಳಿದುಕೊಂಡೇ, ಇದೇ ಹೊಸ್ತಿಲು ದಾಟಿ ಒಳಗೆ ಮೇವಿನ ಗೋದಲಿಗೆ ಬರುತ್ತವೆ. ಕಾರಹುಣ್ಣಿಮೆಗೆ ನೀನು ಅದೇ ಕಾಲುಗಳಿಗೆ ನೀರು ಹಾಕಿ ಆರತಿ ಬೆಳಗುತ್ತೀ. ಎತ್ತಿಗೆ ಇರುವ ಸವಲತ್ತು ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಇಲ್ಲವೇ?

ನೀನು ಹೋದ ಮೇಲೆ ಆರಾಮವಾಗಿ ಚಪ್ಪಲಿ ಹಾಕಿಕೊಂಡು ತಿರುಗಾಡುತ್ತಿದ್ದೇನೆ ಎಂದು ತಿಳಿದಿದ್ದರೆ ಅದೂ ತಪ್ಪು. ಹಾಸಿಗೆಯ ಹತ್ತಿರ ಹಾಕಿಕೊಳ್ಳುತ್ತೇನೆ. ಜಗಲಿಯ ಮುಂದೆ ಬಂದ ಕೂಡಲೇ ಕಾಲು ತಾನಾಗಿಯೇ ಚಪ್ಪಲಿ ಬಿಡುತ್ತದೆ. ಅಡಿಗೆಮನೆಗೆ ಹೋಗಲಿ, ದನದ ಮನೆಗೆ ಹೋಗಲಿ, ಹಾದಿ ಜಗಲಿಯ ಮುಂದಿನಿಂದಲೇ. ಬಿಟ್ಟದ್ದನ್ನು ಬಗ್ಗಿ ತೆಗೆದುಕೊಳ್ಳುವ ಹಾಗಿಲ್ಲ, ಕಂಬ ಹಿಡಿದು "ತಾರಾ" ಎಂದು ಕೂಗಬೇಕು. ಅವಳು ಹಿಟ್ಟಿನ ಕೈಯಲ್ಲಿ ಓಡಿ ಬಂದು ಹಾಕಬೇಕು. "ಅತ್ತಿ ಜುಗೂಳದಾಗ ಕುಂತ ನಮ್ಮಿಬ್ಬರ್ನೂ ಕುಣಸಾಕತ್ತಾಳ" ಎನ್ನುತ್ತಾಳೆ. (ಇದನ್ನು ಬರೆಯಬೇಡ ಅಂದೆ, ಬರೆದಿದ್ದಾಳೆ.) ಚಪ್ಪಲಿ ಬೇಡವೆಂದು ಎಡಪಾದಕ್ಕೆ ಹಲಗೆಯ ತುಂಡು ಕಟ್ಟಿಕೊಂಡು ನೋಡಿದೆ, ಸಾರಿಸಿದ ನೆಲದಲ್ಲಿ ಆಗತಾನೇ ಹುಟ್ಟಿದ ಕರುವಿನಂತೆ ಜಾರಿದೆ. ಹಳೆಯ ಧೋತರ ಮಡಚಿ ಸುತ್ತಿದೆ, ಎರಡು ಹೆಜ್ಜೆಗೆ ಚಪ್ಪಟೆಯಾಯಿತು. ಚಪ್ಪಲಿ ಕಾಲಲ್ಲಿ ಉಳಿದ ಹೊತ್ತಿನಲ್ಲಿ ಮಾತ್ರ ತೊಡೆಯ ಜಗ್ಗಾಟ ಕಡಿಮೆಯಾಗುತ್ತದೆ ಅವ್ವಾ, ಆಣೆ ಮಾಡಿ ಹೇಳುತ್ತೇನೆ. ಅದು ಗೊತ್ತಾದದ್ದೇ ದೊಡ್ಡ ಸಿಟ್ಟು. ಔಷಧ ಇಲ್ಲದಿದ್ದರೆ ಸಹಿಸಬಹುದು, ಔಷಧ ಮನೆಯಲ್ಲೇ ಇದ್ದು ಮುಟ್ಟಲು ಬಾರದು ಅಂದರೆ ಹೇಗೆ?

ನಿನಗೆ ಬಾ ಎಂದು ನಾನು ಬರೆಯುತ್ತಿಲ್ಲ. ಮಗಳ ಮನೆ, ಬೇಕಾದಷ್ಟು ದಿನ ಇರು. ಇಲ್ಲಿ ಏನೂ ಕೊರತೆ ಇಲ್ಲ. ಜಗಲಿಗೆ ತಾರವ್ವ ದೀಪ ಹಚ್ಚುತ್ತಾಳೆ. ಕಂಬಳಿ ಇದ್ದ ಜಾಗ ಖಾಲಿ ಕಾಣುತ್ತದೆ, ಅಷ್ಟೇ.

ಲಗಮವ್ವನಿಗೂ ಮಕ್ಕಳಿಗೂ ನನ್ನ ಆಶೀರ್ವಾದ ಹೇಳು, ಮಲಕಾರಿಗೆ ನಮಸ್ಕಾರ. ನಿನ್ನ ಪಾದಕ್ಕೆ ಹಣೆ ಹಚ್ಚಬೇಕು, ಆದರೆ ಬಗ್ಗಬಾರದು ಎಂದಿದ್ದಾರೆ. ಅದೊಂದು ಬಾಕಿ ಇರಲಿ, ನಿಂತಲ್ಲಿಂದಲೇ ಕೈ ಮುಗಿದಿದ್ದೇನೆ.

ನಿನ್ನ ಮಗ,
ಭೀಮಸಿ

ತಾ.ಕ.: ಅವ್ವಾ, ಇದು ನನ್ನ ಕೈಬರಹ. ತಾರಾ ಚಹಾ ಇಡಾಕತ್ತಾಳ. ಪತ್ರ ಮಡಚೂದ್ರಾಗ ಮಲಕಾರಿ ಬಂದ, ನೀ ಕೊಟ್ಟ ಗಂಟ ಕೈಯಾಗ ಇಟ್ಟ. "ಅತ್ತಿ ಏನೂ ಕಳಿಸಿಲ್ಲ ಅಂತ ಹೇಳಂದಾಳ" ಅಂದ. ನಾ ಬಿಚ್ಚಿ ನೋಡಿದ್ನಿ. ಕರಿ ಉಣ್ಣಿ, ಕೆಂಪ ಅಂಚು. ಅಪ್ಪನ ಕಂಬಳಿಗೆ ಕತ್ತರಿ ಹಾಕಿದ್ಯೇನ ಬೇ? ನಮಗ ಯಾರಿಗೂ ಅದನ್ನ ಮುಟ್ಟಾಕ ಕೊಡ್ತಿದ್ದಿಲ್ಲ. ತುಂಡ ಮಡಚಿ ಮ್ಯಾಲ ಮಡಚಿ ಇಟ್ಟ, ಹಿಮ್ಮಡ ಎತ್ತರ ಮಾಡಿ, ಹೆಬ್ಬಟ್ಟಿಗೆ ಉಂಗರಾ ಹೊಲದಿ. ಮ್ಯಾಲ ಭಂಡಾರ. "ಇದು ಚರ್ಮಲ್ಲ, ಚಪ್ಪಲಿ ಅಲ್ಲ, ದೇವರ ಕಂಬಳಿ. ಇದನ್ನ ಹಾಕ್ಕೊಂಡ ಜಗಲಿ ಮುಂದ ನಡೀಲಿ" ಅಂದ್ಯಂತ. ಕಣ್ಣ ಮಂಜಾದ್ವು, ಅದ್ಕ ಅಕ್ಷರ ಸೊಟ್ಟ ಬಿದ್ದಾವು.

ಆದ್ರ ಅವ್ವಾ, ಬಲಗಾಲಿಗೆ ಹೊಲದೀಯಲ್ಲ! ಮಲಕಾರಿ ಹೇಳ್ದ, "ನೋವು ಇದ್ದ ಕಾಲಿಗೇ ಮೆತ್ತಗ ಇರಬೇಕು, ಡಾಕ್ಟರಗ ಏನ ತಿಳೀತೈತಿ" ಅಂದ್ಯಂತ. ಇದನ್ನ ಹಾಕ್ಕೊಂಡ್ರ ಉದ್ದ ಇದ್ದ ಕಾಲ ಇನ್ನಷ್ಟ ಉದ್ದ ಆಗಿ ಗ್ವಾಡಿಗೆ ಹೋಗಿ ಬಡೀತೇನಿ. ನನ್ನ ಮಾತ ಯಾವಾಗ ಪೂರ್ತಿ ಕೇಳ್ತಿ ನೀ? ಎಡಗಾಲಿಗೆ ಹೊಲೀಬೇಕು, ಎಡಗಾಲಿಗೆ. ಮಲಕಾರಿ ನಾಳಿ ಮುಂಜಾನಿ ಜುಗೂಳಕ್ಕ ಹೊಳ್ಳಿ ಬರತಾನ, ಈ ಪತ್ರ ಅವನ ಕೈಯಾಗ ಕೊಡತೇನಿ. ಅಳತಿಗೆ ಅಂತ ಕಾಲ ಕಳಸಾಕ ಬರಾಂಗಿಲ್ಲ. ಉಳದ ಕಂಬಳಿ ತಗೊಂಡ ನೀನ ಬಾ.