ಅಪ್ಪನಿಗೆ ಸ್ಟ್ರಿಂಗ್ ಥಿಯರಿ

9-2-1987, ಸಂಜೆ

ಕಾಲೇಜಿನ ಫಸ್ಟ್ ಇಯರ್ ಇಂಟರ್‌ನವರ ಫಿಸಿಕ್ಸ್ ರೆಕಾರ್ಡು ನಲವತ್ತೆರಡು. ಎಲ್ಲದರಲ್ಲೂ ಒಂದೇ ತಪ್ಪು — ಒಬ್ಬಳು ಬರೆದದ್ದನ್ನು ಉಳಿದವರೆಲ್ಲ ಇಳಿಸಿದ್ದಾರೆ. ಸಹಿ ಹಾಕಿ ಹಾಕಿ ಕೈ ಸೋತಿತು.

ಮನೆಗೆ ಬಂದರೆ ಹೈದರಾಬಾದಿನ ಕಾಗದ. ಪಿಎಚ್.ಡಿ. ಸೀಟು ಸಿಕ್ಕಿದೆ, ಸ್ಟ್ರಿಂಗ್ ಥಿಯರಿಯಲ್ಲಿ. ಮಾರ್ಚ್ ಹದಿನೈದರೊಳಗೆ ಒಪ್ಪಿಗೆ ಕಳಿಸಬೇಕು. ಅಪ್ಪನ ಮುಂದಿಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದ.

"ಏನ್ ಕಲಿಯಾಕ ಹೊಂಟಿ ಅಂತ ನನಗ ತಿಳಿಯೋ ಹಂಗ ಹೇಳು ಶಾಂತವ್ವ. ತಿಳೀತಂದ್ರ ಹೋಗು. ಇಲ್ಲಂದ್ರ ಇಲ್ಲೇ ಪಾಠ ಹೇಳ್ಕೊಂತ ಇರು."

ನಾಲ್ಕನೇ ಕ್ಲಾಸು ಓದಿದ ಹತ್ತಿ ವ್ಯಾಪಾರಿಗೆ ಇದನ್ನು ತಿಳಿಸಬೇಕು. ಎಂ.ಎಸ್ಸಿ. ಪರೀಕ್ಷೆಯೇ ವಾಸಿಯಿತ್ತು. ಅವನ ಮಾತು ಮೀರಿ ಹೋಗುವ ಧೈರ್ಯ ಇಪ್ಪತ್ತೆಂಟು ವರ್ಷವಾದರೂ ನನಗಿಲ್ಲ.

11-2

ಮೊದಲ ಪಾಠ. ಹತ್ತಿಕಾಳು ಒಡೆ, ಮತ್ತೆ ಒಡೆ, ಒಡೆಯುತ್ತಾ ಹೋಗು. ಕೊನೆಗೆ ಪರಮಾಣು. ಅದರೊಳಗೆ ಎಲೆಕ್ಟ್ರಾನ್, ಕ್ವಾರ್ಕ್. ಇಷ್ಟು ದಿನ ಇವನ್ನೆಲ್ಲ ಚುಕ್ಕೆ ಅಂದುಕೊಂಡಿದ್ದರು. ಚುಕ್ಕೆಯಲ್ಲ, ಅತಿ ಸಣ್ಣ ತಂತಿ ಎನ್ನುತ್ತದೆ ಈ ಥಿಯರಿ. ಒಂದು ಥರ ಮಿಡಿದರೆ ಎಲೆಕ್ಟ್ರಾನ್, ಇನ್ನೊಂದು ಥರ ಮಿಡಿದರೆ ಬೆಳಕು. ತಂತಿ ಅದೇ, ಸ್ವರ ಬೇರೆ... ಚೆನ್ನಾಗಿಯೇ ಹೇಳಿದೆ ಅನ್ನಿಸಿತು.

"ಅಂದ್ರ ದಾರ ಇದ್ದಂಗ?"

ಹೂಂ ಅಂದೆ. ಅನ್ನಬಾರದಿತ್ತು.

"ದಾರ ಅಂದ್ರ ಎಳಿ ಕೂಡಿಸಿ ಹೊಸದದ್ದು. ಆ ಎಳಿ ಯಾತರದು?"

"ಅದಕ್ಕ ಎಳಿ ಇಲ್ಲಪ್ಪ. ಅದ ಕಡೀದು."

"ಎಳಿ ಇಲ್ಲದ ದಾರ ನಾ ಕಂಡಿಲ್ಲ."

ಟವೆಲ್ಲು ಹೆಗಲಿಗೆ ಹಾಕಿಕೊಂಡು ಜಿನ್ನಿಂಗ್ ಮಿಲ್ಲಿಗೆ ಹೊರಟೇಬಿಟ್ಟ. ಮೂವತ್ತು ವರ್ಷ ಎಳೆ ಬಿಡಿಸಿ ನೋಡಿದ ಬೆರಳು. ಬೇರೆಯವರಿಗಾದರೆ ಈ ತಕರಾರೇ ಹುಟ್ಟುತ್ತಿರಲಿಲ್ಲ.

14-2

ಇವತ್ತು ದಾರದ ಸುದ್ದಿಯೇ ಎತ್ತಲಿಲ್ಲ. ಉದ್ದ, ಅಗಲ, ಎತ್ತರ, ಕಾಲ — ನಾಲ್ಕು ಆಯಾಮ ನಮಗೆ ಗೊತ್ತು. ಈ ಥಿಯರಿಗೆ ಹತ್ತು ಬೇಕು.

"ಉಳಿದ ಆರು ಎಲ್ಲದಾವು?"

"ಕಾಣಂಗಿಲ್ಲಪ್ಪ."

"ಲೆಕ್ಕ ಕೂಡಲಿಲ್ಲಂತ ಆರು ತಂದು ಸೇರಿಸ್ಯಾರ?"

ಸ್ಲೇಟು ತಂದೆ. ಬರೆದೆ, ಅಳಿಸಿದೆ. ಸೀಮೆಸುಣ್ಣ ಮುರಿಯಿತು. ಅವ್ವ ದೇವರ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದಳು. ತಲೆ ಎತ್ತದೆ ಅಂದಳು:

"ಸುತ್ತಿಗೊಂಡಿರತಾವು. ಈ ಹತ್ತಿ ಅರಳಿ ಇಷ್ಟು ಅಗಲ ಇತ್ತಿಲ್ಲ? ಹೊಸದೆ. ಅಗಲ ಎಲ್ಲಿ ಹೋತು? ಒಳಗ ಐತಿ. ದೂರ ನಿಂತ್ರ ಬರೇ ಉದ್ದ ಕಾಣ್ತೈತಿ."

ಎರಡು ವರ್ಷ ಪುಸ್ತಕ ತಿರುವಿದ್ದು ನಾನು.

"ನಿನಗ ತಿಳೀತಲ್ಲ ಗುರುಲಿಂಗಮ್ಮ, ನೀನ ಹೈದರಾಬಾದಿಗೆ ಹೋಗು" ಅಂದ ಅಪ್ಪ.

17-2

ಬತ್ತಿಯ ಉದಾಹರಣೆ ಕ್ಲಾಸಿನಲ್ಲಿ ಹೇಳಿ ನೋಡಿದೆ. ಮುಂದಿನ ಬೆಂಚಿನವಳು ಎದ್ದು ತೆಲುಗಿನಲ್ಲಿ ಕೇಳಿದಳು, "ಮೇಡಂ, ಇದಿ ಸಿಲಬಸ್‌ಲೋ ಉಂದಾ?" ಸಿಲಬಸ್ಸಿನಲ್ಲಿ ಇಲ್ಲ ಅಂದೆ. ನಲವತ್ತೆರಡು ಪೆನ್ನೂ ಮುಚ್ಚಿದವು.

18-2

ರಾಶಿಯ ಮೇಲಿನ ಹತ್ತಿ ನೋಡಿ ಅಪ್ಪ ಎಂದೂ ದರ ಮಾತಾಡುವವನಲ್ಲ. ಮೊಣಕೈವರೆಗೂ ಕೈ ಹಾಕಿ ನಡುವಿಂದ ಕಿತ್ತು ತೆಗೆಯುತ್ತಾನೆ. ಇವತ್ತು ನನಗೂ ಅದೇ ಮಾಡಿದ.

"ಎಲ್ಲಾ ಬಿಡು. ಇದನ್ನ ಯಾರರ ನೋಡ್ಯಾರೇನು?"

ಒಂಬತ್ತು ದಿನದಿಂದ ಸಾಕಾಗಿಹೋಗಿತ್ತು.

"ನೋಡ್ಯಾರಪ್ಪ. ಫಾರಿನ್‌ನ್ಯಾಗ ದೊಡ್ಡ ಮಿಷಿನ್ ಐತಿ."

"ಮತ್ತ ಅದನ್ನ ಮೊದಲ ಹೇಳಬಾರದಾ? ಹೋಗು, ಬರಿ ಒಪ್ಪಿಗಿ."

ಶುದ್ಧ ಸುಳ್ಳು. ಹೇಳಿಬಿಟ್ಟೆ. ಸೀಟು ಉಳಿಯಿತು.

1-3

ಹತ್ತು ದಿನ ಏನೂ ಬರೆಯಲಿಲ್ಲ. ಒಪ್ಪಿಗೆಯನ್ನೂ ಬರೆದಿಲ್ಲ.

ಮಿಲ್ಲಿನ ಮರಿಬಸಪ್ಪ ಕಾಕಾ ಬಂದಿದ್ದರು. "ಏಮ್ಮಾ, ಜಗತ್ತೆಲ್ಲಾ ತಂತಿಯಿಂದ ಆಗೈತಂತಲ್ಲ, ಮಿಷಿನ್‌ನ್ಯಾಗ ಕಂಡೈತಂತ. ಮಾರ್ಕೆಟ್ ಯಾರ್ಡಿನ್ಯಾಗ ನಿಮ್ಮಪ್ಪ ಮಂದಿಗೆಲ್ಲಾ ಹೇಳ್ಯಾನ. ಕೊಟ್ರಬಸಪ್ಪ ಹೇಳ್ಯಾನಂದ್ರ ಖರೇನ ಇರತೈತಿ."

ಅಪ್ಪ ಸರಿ ಅಂದರೆ ಉಳಿದವರು ಹತ್ತಿ ನೋಡುವುದೇ ಇಲ್ಲ, ಕೊಳ್ಳುತ್ತಾರೆ. ಆ ಬಾಯೊಳಗೆ ನನ್ನ ಸುಳ್ಳು ಹೊಕ್ಕಿದೆ. ನಾಚಿಕೆಯಾಗುತ್ತಿದೆ. ಅಪ್ಪನ ಮೇಲೆ ಸಿಟ್ಟೂ ಬರುತ್ತಿದೆ — ಯಾರ್ಡಿನಲ್ಲಿ ಹೇಳು ಅಂತ ಇವನಿಗೆ ಯಾರು ಅಂದಿದ್ದರು?

4-3

ಊಟಕ್ಕೆ ಕೂತಾಗ ಹೇಳಿದೆ. "ಯಾರೂ ನೋಡಿಲ್ಲಪ್ಪ. ನೋಡೋ ಅಂಥ ಮಿಷಿನ್ ಇಲ್ಲ. ಖರೆನೋ ಸುಳ್ಳೋ ಯಾರಿಗೂ ಗೊತ್ತಿಲ್ಲ."

ಕೈಯಲ್ಲಿದ್ದ ರೊಟ್ಟಿ ತಟ್ಟೆಗಿಟ್ಟ. ಎದ್ದುಹೋದ.

8-3

ನಾಲ್ಕು ದಿನದಿಂದ ಮಾತಿಲ್ಲ. ನೀರು ಬೇಕಾದರೂ ಅವ್ವನ ಮೂಲಕ.

ಕಾಕಾ ಹೇಳಿದರು: ನಿನ್ನೆ ಯಾರ್ಡಿನಲ್ಲಿ ಅಪ್ಪ ಎಲ್ಲರೆದುರು ನಿಂತು, "ನಾ ಹೇಳಿದ್ದು ತಪ್ಪು. ಅದನ್ನ ಯಾರೂ ನೋಡಿಲ್ಲಂತ" ಅಂದನಂತೆ. ನಕ್ಕರಂತೆ. ಹತ್ತಿ ವಿಷಯಾನೂ ನಾಳೆ ಹಿಂಗ ತಪ್ಪು ಅಂತೀಯೇನು ಅಂತ ಒಬ್ಬ ಕೇಳಿದನಂತೆ.

ಬರುವುದಿಲ್ಲ ಅಂತ ಹೈದರಾಬಾದಿಗೆ ಕಾಗದ ಬರೆದಿಟ್ಟೆ.

9-3, ಮಧ್ಯಾಹ್ನ

ಅಪ್ಪನಿಗೆ ಕಾಗದ ತೋರಿಸಿದೆ. ಓದಿ ಹೇಳು ಅಂದ. ಓದಿದೆ.

"ಯಾರಿಗೂ ಗೊತ್ತಿಲ್ಲಂತ ಮೊದಲನೇ ದಿನಾನ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಕಳಸ್ತಿದ್ದಿಲ್ಲ."

"ಗೊತ್ತಿರೋದನ್ನ ಕಲಿಯಾಕ ಅಷ್ಟು ದೂರ ಯಾಕ ಹೋಗಬೇಕವ್ವ? ಅದನ್ನ ಇಲ್ಲೇ ಕುಂತು ಓದಬಹುದು. ಗೊತ್ತಿಲ್ಲಂದ್ರ ಹೋಗಬೇಕು."

ಕಾಗದ ಹರಿದು ನನ್ನ ಕೈಗೇ ಕೊಟ್ಟ. ನಾನು ಅತ್ತುಬಿಟ್ಟೆ. ತಿಂಗಳಿಡೀ ತಲೆ ತಿಂದು, ಈಗ ಇಷ್ಟು ಸಲೀಸಾಗಿ ಹೇಳುತ್ತಾನೆ. ಅದಕ್ಕೂ ಸಿಟ್ಟು ಬಂತು.

10-3, ಬೆಳಿಗ್ಗೆ

ಒಪ್ಪಿಗೆ ಬರೆಯಲು ಕೂತಿದ್ದೇನೆ. ಅಪ್ಪ ಪಕ್ಕದಲ್ಲೇ ಚಾಪೆ ಎಳೆದುಕೊಂಡು ಕೂತಿದ್ದಾನೆ. ಒಂದು ಸಾಲೂ ಬರೆಯಲು ಬಿಡುತ್ತಿಲ್ಲ.

"ಆ ತಂತಿ ಮಿಡಸೋರು ಯಾರು?"

"ಗೊತ್ತಿಲ್ಲಪ್ಪ."

"ಹತ್ತ ಯಾಕ? ಹನ್ನೊಂದು ಯಾಕಲ್ಲ?"

"ಅದೂ ನನಗ ಸರಿ ಗೊತ್ತಿಲ್ಲ."

ಮೊದಲ ಸಲ ತೃಪ್ತಿಯಾದವನ ಹಾಗೆ ತಲೆಯಾಡಿಸಿದ. ಇವನ್ನೆಲ್ಲ ಬರೆದುಕೊಂಡು ಹೋಗಬೇಕಂತೆ, ಅಲ್ಲಿ ಕೇಳಬೇಕಂತೆ, ಅವರಿಗೂ ಗೊತ್ತಿಲ್ಲದಿದ್ದರೆ ನಾನೇ ನೋಡಬೇಕಂತೆ. ಆಯಿತು, ಬರೆಯುತ್ತೇನೆ ಮಾರಾಯ. ಗೊತ್ತಿಲ್ಲದ್ದು — ಒಂದು, ತಂತಿ ಮಿಡಿಸುವವರು ಯಾರು. ಎರಡು, ಹತ್ತೇ ಯಾಕೆ. ಮೂರು... ತಡಿ ಅನ್ನುತ್ತಿದ್ದಾನೆ, ಇನ್ನೂ ಇವೆಯಂತೆ...