ತೋಳದ ಬಾಯಿಂದ ಹೇಳಿದ ಕತಿ

ಚಂದ್ರಭಾಗಾ,

ಎದ್ದಕೂಡಲೆ ಅಳಕೋತ ಕುಂದ್ರಬ್ಯಾಡ, ಮಾರಿ ತೊಳಕೋ. ರೊಟ್ಟಿ ಬುಟ್ಟ್ಯಾಗ ಅದಾವ.

ನಿಮ್ಮಪ್ಪ ಮಂದ್ರೂಪದಿಂದ ಬರೂ ಮೋಟಾರು ಇಳಿಯೂದ್ರಾಗ ನಾ ಸ್ಟ್ಯಾಂಡಿನ್ಯಾಗ ಇರಬೇಕು. ರಾತ್ರಿ ನೀ ಕುರಿಹಟ್ಟಿ ಬಾಗಲಾ ತೆಗೆದಿಟ್ಟಿದ್ದು, ತೋಳ ಕುರಿಮರಿ ಒಯ್ದಿದ್ದು ಮಂದಿ ಬಾಯಿಂದ ಅವಗ ತಿಳೀಬಾರದು. ಬೈದರ ನನಗ ಬೈಲಿ. ನಿನ್ನಿ ಸಾಲ್ಯಾಗ ತೋಳದ ಕತಿ ತೋಳದ ಬಾಯಿಂದ ಹೇಳಿದಾಕಿ ನಾನ ಅಲ್ಲೇನು? ಗವಿಯೊಳಗ ಅದರ ಮರಿಗೋಳು ಹಸಿದು ಕುಂತಾವ ಅಂದಾಗ ನಿನ್ನ ಕಣ್ಣಾಗ ನೀರು ಬಂತು. ನಾ ಹುಚ್ಚಿ, ಪಾಠ ತಿಳೀತು ಅಂತ ಹಿಗ್ಗಿದೆ!

ನಾ ತಡಾ ಮಾಡಿ ಬರ್ತೀನಿ ಅಂತ ಹೆಡ್‌ಮಾಸ್ತರರಿಗೆ ಹೇಳು.

ಹೋಗೂಕಿಂತ ಮೊದಲ ತಾಯಿಕುರಿಗೆ ನೀರು ಕುಡಿಸು. ನಸುಕಿನಿಂದ ಒಂದ ಸವನ ಒದರಾಕತ್ತೈತಿ. ಸ್ವಲ್ಪ ಹೊತ್ತು ಅದರ ಬಾಜೂಕ ಕುಂದ್ರು. ಅದರ ಕತಿ ನಾ ಸಾಲ್ಯಾಗ ಹೇಳಲೇ ಇಲ್ಲ.

ನಿನ್ನ ಗಂಗು ಅತ್ತಿ