ಬಿಚ್ಚಬಾರದ ಚೀಲ

ರಮಾದಿ, ಇರಾಕ್
ಮೇ ೨೦೦೪

ಸೆರೆ ಶಿಬಿರದ ಅಮೆರಿಕನ್ ಅಧಿಕಾರಿಗಳಿಗೆ,

ನನ್ನ ಮಗ ಕುತೈಬಾ ನಿದ್ದೆಯಲ್ಲೇ ಹೃದಯ ನಿಂತು ಸತ್ತನೆಂದು ನಿಮ್ಮ ಕಾಗದದಲ್ಲಿದೆ. ಹೆಣ ತಂದ ನಿಮ್ಮ ದುಭಾಷಿ, "ಚೀಲ ಬಿಚ್ಚಬೇಡಿ ಯಜಮಾನ್ರೇ, ಅಂಟುರೋಗ. ಹಂಗೇ ಮಣ್ಣು ಮಾಡ್ಬಿಡಿ, ದೊಡ್ಡೋರು ಹೇಳಿದ್ದಾರೆ" ಎಂದ. ಹೃದಯ ನಿಲ್ಲುವುದು ಯಾವಾಗಿನಿಂದ ಅಂಟುರೋಗವಾಯಿತು?

ಮೈ ತೊಳೆಯದೆ ಮಣ್ಣು ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಚೀಲ ಬಿಚ್ಚಿ ನಾನೇ ತೊಳೆದೆ. ಬಲಗೈಯಿಂದ ಶುರು ಮಾಡಿದೆ. ಎರಡೂ ಮಣಿಕಟ್ಟಿನಲ್ಲಿ ಹಗ್ಗ ಕೊರೆದ ಗಾಯವಿತ್ತು, ಪಕ್ಕೆಯ ಮೇಲೆ ಬೂಟಿನ ಅಚ್ಚು.

ನೀವು ಹಿಡಿದೊಯ್ದಾಗ ಅವನು ಹಾಕಿಕೊಂಡಿದ್ದ ಕನ್ನಡಕ ಹೆಣದ ಜೊತೆ ಬರಲಿಲ್ಲ, ಅದನ್ನು ಹಿಂದಿರುಗಿಸಿ. ಕಟ್ಟಿದವರ, ಒದ್ದವರ ಹೆಸರು ಆಮೇಲೆ ಕೇಳುತ್ತೇನೆ. ಮೊದಲು, ಚೀಲ ಬಿಚ್ಚಬಾರದೆಂದು ಹೇಳಿಕಳಿಸಿದ ಆ ದೊಡ್ಡವರು ಯಾರೆಂದು ಬರೆದು ತಿಳಿಸಿ. ಒಳಗೇನಿದೆಯೆಂದು ಅವರಿಗೆ ಗೊತ್ತಿತ್ತು.

ಕುತೈಬಾನ ತಂದೆ,
ಮುಝಾಹಿಮ್ ಅಲ್ವಾನ್